ಬಸದಿಗಳಿಗೆ ಸಿಸಿ ಕ್ಯಾಮೆರಾ: ಆಯ್ಕೆ, ಅಳವಡಿಕೆ ಮತ್ತು ನಿರ್ವಹಣೆ

ಕರ್ನಾಟಕದ ಹಳ್ಳಿಗಳಲ್ಲಿರುವ ಅನೇಕ ಬಸದಿಗಳ ಸುತ್ತ ಇಂದು ಒಂದೆರಡು ಶ್ರಾವಕರ ಮನೆಗಳು ಮಾತ್ರ ಉಳಿದಿವೆ. ಉಳಿದವರು ಓದಿಗೆ, ಉದ್ಯೋಗಕ್ಕೆ, ವ್ಯಾಪಾರಕ್ಕೆ ಪಟ್ಟಣ ಸೇರಿದ್ದಾರೆ. ಬೆಳಿಗ್ಗೆ ಇಂದ್ರರು ಅಥವಾ ಪುರೋಹಿತರು ಬಂದು ಬಾಗಿಲು ತೆರೆದು, ಅಭಿಷೇಕ ಪೂಜೆ ಮುಗಿಸಿ ಬೀಗ ಹಾಕಿ ಹೋಗುತ್ತಾರೆ. ಒಬ್ಬರೇ ಎರಡು ಮೂರು ಬಸದಿಗಳ ಪೂಜೆ ನೋಡಿಕೊಳ್ಳುವುದೂ ಉಂಟು. ಆಮೇಲೆ ಮರುದಿನ ಬೆಳಗಿನವರೆಗೆ ಅಲ್ಲಿ ಯಾರೂ ಇರುವುದಿಲ್ಲ. ಒಳಗೆ ಮಾತ್ರ ತಲೆತಲಾಂತರದಿಂದ ಬಂದ ಪಂಚಲೋಹದ ಬಿಂಬಗಳು, ಪದ್ಮಾವತಿ ಅಮ್ಮನವರ ಆಭರಣ, ಬೆಳ್ಳಿಯ ಪ್ರಭಾವಳಿ, ಕಾಣಿಕೆ ಹುಂಡಿ, ಕೆಲವು ಕಡೆ ತಾಡೋಲೆ ಗ್ರಂಥಗಳೂ ಇರುತ್ತವೆ.

ಹಳ್ಳಿಯ ಬಸದಿಗಳ ಮಾತು ಹಾಗಿರಲಿ, 2013ರ ಜುಲೈ ತಿಂಗಳಲ್ಲಿ ಮೂಡಬಿದಿರೆಯ ಸಿದ್ಧಾಂತ ದರ್ಶನದಿಂದಲೇ ಅಮೂಲ್ಯವಾದ ಬಿಂಬಗಳು ಕಳುವಾದದ್ದು ಇಡೀ ಜೈನ ಸಮಾಜವನ್ನು ಕಲಕಿತ್ತು. ಅಂದಿನಿಂದ ಅನೇಕ ಆಡಳಿತ ಮಂಡಳಿಗಳು ಸಿಸಿ ಕ್ಯಾಮೆರಾ ಹಾಕಿಸಿವೆ. ಆದರೆ ಹಾಕಿಸಿದ್ದೆಲ್ಲ ಉಪಯೋಗಕ್ಕೆ ಬಂದಿದೆ ಎನ್ನುವಂತಿಲ್ಲ. ರಾತ್ರಿ ಕರೆಂಟು ಹೋದಾಗ ಕ್ಯಾಮೆರಾ ನಿಂತಿರುತ್ತದೆ, ಇಲ್ಲವೇ ದೃಶ್ಯದಲ್ಲಿ ಮನುಷ್ಯ ಕಾಣುತ್ತಾನೆ, ಮುಖ ಕಾಣುವುದಿಲ್ಲ. ಕೆಲವೊಮ್ಮೆ ಕಳ್ಳರು ಬಿಂಬದ ಜೊತೆಗೆ ಡಿವಿಆರ್ ಪೆಟ್ಟಿಗೆಯನ್ನೂ ಹೊತ್ತೊಯ್ಯುತ್ತಾರೆ. ಸ್ವಲ್ಪ ಯೋಚಿಸಿ ಕೆಲಸ ಮಾಡಿಸಿದರೆ ಇವೆಲ್ಲವನ್ನೂ ತಪ್ಪಿಸಬಹುದು. ಮೊಕ್ತೇಸರರು, ಆಡಳಿತ ಮಂಡಳಿಯವರು ಮತ್ತು ಯುವಕ ಸಂಘದ ಸ್ವಯಂಸೇವಕರು ತಿಳಿದಿರಬೇಕಾದ ವಿಷಯಗಳನ್ನು ಇಲ್ಲಿ ಕ್ರಮವಾಗಿ ಕೊಡಲಾಗಿದೆ.

ಕ್ಯಾಮೆರಾಕ್ಕೆ ಮೊದಲು ಆಗಬೇಕಾದ ಕೆಲಸ

ಕ್ಯಾಮೆರಾ ಕಳ್ಳನನ್ನು ತಡೆದು ನಿಲ್ಲಿಸುವುದಿಲ್ಲ. ಅವನನ್ನು ನೋಡಿ ಬರೆದಿಟ್ಟುಕೊಳ್ಳುತ್ತದೆ, ಅಷ್ಟೆ. ತಡೆಯುವ ಕೆಲಸ ಬಾಗಿಲು, ಚಿಲಕ, ಬೀಗ, ಕಬ್ಬಿಣದ ಗ್ರಿಲ್ ಮತ್ತು ಊರಿನ ಜನರದ್ದು. ಹಳೆಯ ಮರದ ಬಾಗಿಲಿನ ಚಿಲಕ ಒಂದು ಹಾರೆಗೆ ಕಿತ್ತುಬರುವಂತಿದ್ದರೆ ಮೊದಲ ಖರ್ಚು ಅದಕ್ಕೇ ಆಗಬೇಕು.

ಎರಡನೆಯದು ಬಿಂಬಗಳ ದಾಖಲೆ. ಇದಕ್ಕೆ ಹಣ ಬೇಕಾಗಿಲ್ಲ, ಒಂದು ದಿನದ ಸಮಯ ಸಾಕು. ಪ್ರತಿಯೊಂದು ಬಿಂಬದ ಮುಂಭಾಗ, ಹಿಂಭಾಗ, ಎರಡು ಪಕ್ಕ ಮತ್ತು ಪೀಠದ ಫೋಟೋ ತೆಗೆಯಬೇಕು. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಒಂದು ಫೋಟೋ ಇರಲಿ. ಎತ್ತರ, ಅಗಲ, ತೂಕ, ಲೋಹ ಅಥವಾ ಶಿಲೆ, ಯಾವ ತೀರ್ಥಂಕರರು, ಲಾಂಛನವೇನು, ಯಕ್ಷ ಯಕ್ಷಿಯರಿದ್ದಾರೆಯೇ ಎಂಬುದನ್ನು ಬರೆಯಬೇಕು. ಪೀಠದ ಮೇಲೆ ಶಾಸನವಿದ್ದರೆ ಅಕ್ಷರ ಓದುವಂತೆ ಹತ್ತಿರದಿಂದ ಫೋಟೋ ತೆಗೆಯಬೇಕು. ಮುರಿದ ಬೆರಳು, ಸವೆದ ಮೂಗು, ಎರಕದ ತೂತು ಇಂತಹ ಗುರುತುಗಳನ್ನು ಬಿಡದೆ ಬರೆಯಬೇಕು. ಒಂದೇ ಅಚ್ಚಿನಂತೆ ಕಾಣುವ ಎರಡು ಬಿಂಬಗಳನ್ನು ಬೇರೆ ಮಾಡಿ ತೋರಿಸುವುದು ಇವೇ ಗುರುತುಗಳು.

ಇದು ಎಷ್ಟು ಮುಖ್ಯ ಎಂಬುದು ಬಿಂಬ ಸಿಕ್ಕ ಮೇಲೆ ತಿಳಿಯುತ್ತದೆ. ಪೊಲೀಸರು ವಶಪಡಿಸಿಕೊಂಡ ಬಿಂಬ ಕಾನೂನಿನ ಪ್ರಕಾರ ಮುದ್ದೆಮಾಲು. ಅದು ಇಂತಹ ಬಸದಿಯದ್ದೇ ಎಂದು ತೋರಿಸಿ, ನ್ಯಾಯಾಲಯಕ್ಕೆ ಅರ್ಜಿ ಹಾಕಿ ಬಿಡಿಸಿಕೊಳ್ಳಬೇಕು. ಫೋಟೋ, ಅಳತೆ ಇಲ್ಲದಿದ್ದರೆ ಅದನ್ನು ತೋರಿಸುವುದು ಕಷ್ಟ. ಅಲ್ಲಿಯವರೆಗೆ ಭಗವಂತನ ಬಿಂಬ ಅಭಿಷೇಕವಿಲ್ಲದೆ, ಪೂಜೆಯಿಲ್ಲದೆ ಚೀಟಿ ಅಂಟಿಸಿಕೊಂಡು ಕೋಣೆಯ ಮೂಲೆಯಲ್ಲಿರಬೇಕಾಗುತ್ತದೆ.

ನೂರು ವರ್ಷಕ್ಕಿಂತ ಹಳೆಯದಾದ ಮೂರ್ತಿಗಳು ಮತ್ತು 75 ವರ್ಷಕ್ಕಿಂತ ಹಳೆಯದಾದ, ಮಹತ್ವವುಳ್ಳ ಹಸ್ತಪ್ರತಿಗಳು 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯಿದೆಯ ಅಡಿಯಲ್ಲಿ ಬರುತ್ತವೆ. ಹಳೆಯ ಮೂರ್ತಿಗಳನ್ನು ಪುರಾತತ್ವ ನೋಂದಣಿ ಅಧಿಕಾರಿಗಳಲ್ಲಿ ನೋಂದಾಯಿಸಬೇಕು. ನೋಂದಣಿ ಪತ್ರವಿದ್ದರೆ ಮೂರ್ತಿ ದೇಶದ ಗಡಿ ದಾಟಿದರೂ ಮರಳಿ ಕೇಳಲು ಆಧಾರವಾಗುತ್ತದೆ. ಈ ದಾಖಲೆಯ ಒಂದು ಪ್ರತಿ ಬಸದಿಯ ಹೊರಗೆ, ಅಧ್ಯಕ್ಷರ ಮನೆಯಲ್ಲಿ ಅಥವಾ ಮಠದಲ್ಲಿ ಇರಲಿ.

ಕಾನೂನು ಮತ್ತು ಅನುಮತಿ

ಕರ್ನಾಟಕದಲ್ಲಿ 2017ರ ಸಾರ್ವಜನಿಕ ಸುರಕ್ಷತಾ (ಕ್ರಮಗಳ) ಜಾರಿ ಕಾಯಿದೆ ಇದೆ. ಒಂದೇ ಸಮಯಕ್ಕೆ 100 ಜನ ಅಥವಾ ದಿನಕ್ಕೆ 500 ಜನ ಸೇರುವಂತಹ ಸ್ಥಳಗಳಲ್ಲಿ ಕ್ಯಾಮೆರಾ ಅಳವಡಿಸಿ, ದೃಶ್ಯಗಳನ್ನು 30 ದಿನ ಉಳಿಸಿಕೊಳ್ಳಬೇಕೆಂದು ಅದು ಹೇಳುತ್ತದೆ. ಧಾರ್ಮಿಕ ಸ್ಥಳಗಳೂ ಇದರಲ್ಲಿ ಸೇರಿವೆ. ದೊಡ್ಡ ಕ್ಷೇತ್ರಗಳಿಗೆ ಇದು ನೇರವಾಗಿ ಅನ್ವಯಿಸುತ್ತದೆ. ಸಣ್ಣ ಬಸದಿಗಳಿಗೂ 30 ದಿನ ಎಂಬುದು ಒಳ್ಳೆಯ ಅಳತೆ.

ಬಸದಿಯು ಕೇಂದ್ರ ಪುರಾತತ್ವ ಸರ್ವೇಕ್ಷಣ ಇಲಾಖೆಯ ಅಥವಾ ರಾಜ್ಯ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕವಾಗಿದ್ದರೆ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಒಂದು ಮೊಳೆಯನ್ನೂ ಹೊಡೆಯಬಾರದು. ಕಾರ್ಕಳದ ಚತುರ್ಮುಖ ಬಸದಿ, ಲಕ್ಕುಂಡಿಯ ಬ್ರಹ್ಮ ಜಿನಾಲಯ, ಹಳೇಬೀಡು ಮತ್ತು ಕಂಬದಹಳ್ಳಿಯ ಬಸದಿಗಳು ಹೀಗೆ ಕೇಂದ್ರ ಇಲಾಖೆಯ ಸಂರಕ್ಷಣೆಯಲ್ಲಿವೆ. ಸಂರಕ್ಷಿತವಲ್ಲದ ಹಳೆಯ ಬಸದಿಯಲ್ಲಿಯೂ ಕೆತ್ತನೆಯ ಕಂಬಕ್ಕೆ, ಶಾಸನವಿರುವ ಗೋಡೆಗೆ ಡ್ರಿಲ್ ಹಾಕಿಸುವುದು ದೊಡ್ಡ ತಪ್ಪು. ಒಮ್ಮೆ ಒಡೆದ ಕಲ್ಲು ಮತ್ತೆ ಕೂಡುವುದಿಲ್ಲ. ಮರದ ತೊಲೆಗೆ ಪಟ್ಟಿ ಸುತ್ತಿ ಕ್ಲ್ಯಾಂಪ್ ಹಾಕುವುದು, ಅಂಗಳದಲ್ಲಿ ಬೇರೆ ಕಬ್ಬಿಣದ ಕಂಬ ನೆಡುವುದು, ಇತ್ತೀಚೆಗೆ ಕಟ್ಟಿದ ಪೌಳಿಯ ಗೋಡೆಯನ್ನು ಬಳಸುವುದು ಇದಕ್ಕೆ ಪರಿಹಾರ.

ಕ್ಯಾಮೆರಾ ಎಲ್ಲೆಲ್ಲಿ ಇರಬೇಕು

ಸಾಮಾನ್ಯ ಅಳತೆಯ ಗ್ರಾಮೀಣ ಬಸದಿಗೆ ನಾಲ್ಕು ಕ್ಯಾಮೆರಾಗಳನ್ನು ಸರಿಯಾದ ಜಾಗದಲ್ಲಿ ಇಟ್ಟರೆ ಸಾಕು. ಜಾಗ ತಪ್ಪಿದರೆ ಎಂಟು ಇದ್ದರೂ ಸಾಲವು.

ಮೊದಲನೆಯದು ಪೌಳಿಯ ಹೆಬ್ಬಾಗಿಲು. ಬರುವವರ ಮುಖ ಸ್ಪಷ್ಟವಾಗಿ ಬೀಳಬೇಕಾದದ್ದು ಇಲ್ಲಿ. ಎಂಟು ಹತ್ತು ಅಡಿ ಎತ್ತರದಲ್ಲಿರಲಿ. ಹದಿನೈದು ಅಡಿ ಮೇಲೆ ಹಾಕಿದರೆ ತಲೆ, ಟೋಪಿ ಮಾತ್ರ ಕಾಣುತ್ತದೆ.

ಎರಡನೆಯದು ನವರಂಗದಲ್ಲಿ, ಗರ್ಭಗೃಹದ ಬಾಗಿಲನ್ನು ನೋಡುವಂತೆ. ಗರ್ಭಗೃಹದ ಒಳಗೆ ಹಾಕಬೇಕಾಗಿಲ್ಲ. ಒಳಗೆ ಹೋಗುವವರೂ ಹೊರಬರುವವರೂ ಬಾಗಿಲನ್ನು ದಾಟಲೇಬೇಕು. ಒಳಗೆ ದೀಪದ ಮಸಿ, ಧೂಪದ ಹೊಗೆ, ಅಭಿಷೇಕದ ತೇವ ಇರುವುದರಿಂದ ಕ್ಯಾಮೆರಾ ಬಾಳುವುದೂ ಇಲ್ಲ.

ಮೂರನೆಯದು ಹುಂಡಿ ಮತ್ತು ಪದ್ಮಾವತಿ ಅಮ್ಮನವರ ಗುಡಿಯ ಮುಂದೆ. ಇವೆರಡೂ ಅಕ್ಕಪಕ್ಕದಲ್ಲಿದ್ದರೆ ಒಂದೇ ಸಾಕು.

ನಾಲ್ಕನೆಯದು ಬಸದಿಯ ಹಿಂಭಾಗ. ಕಳ್ಳರು ಹೆಬ್ಬಾಗಿಲಲ್ಲೇ ಬರುತ್ತಾರೆಂದು ತಿಳಿಯುವುದು ತಪ್ಪು. ಹಿಂದಿನ ಗೋಡೆ ಹಾರಿ, ಹೆಂಚು ತೆಗೆದು ಇಳಿಯಬಹುದು. ತೋಟ, ಗದ್ದೆ, ಕಾಡಿನ ಕಡೆಗೆ ಹಿಂಭಾಗ ಇರುವ ಬಸದಿಗಳಲ್ಲಿ ಇದನ್ನು ಬಿಡಲೇಬಾರದು.

ಅನುಕೂಲವಿದ್ದರೆ ಐದನೆಯದನ್ನು ಬಸದಿಗೆ ಬರುವ ದಾರಿಯ ಕಡೆಗೆ ಹಾಕಿ. ವಾಹನ ಯಾವ ಹೊತ್ತಿಗೆ ಬಂತು, ಯಾವ ಕಡೆ ಹೋಯಿತು ಎಂಬುದು ತನಿಖೆಗೆ ಬಹಳ ನೆರವಾಗುತ್ತದೆ. ಒಂದು ಕ್ಯಾಮೆರಾವನ್ನು ಇನ್ನೊಂದು ಕ್ಯಾಮೆರಾ ನೋಡುವಂತೆ ಇಟ್ಟರೆ ಯಾರಾದರೂ ಒಂದನ್ನು ತಿರುಗಿಸಿದರೂ ಮುಚ್ಚಿದರೂ ಇನ್ನೊಂದರಲ್ಲಿ ಸಿಗುತ್ತಾರೆ.

ಎಲ್ಲಿ ಕೂಡದು

ಮುನಿಗಳು, ಆರ್ಯಿಕೆಯರು, ತ್ಯಾಗಿಗಳು ಇಳಿದುಕೊಳ್ಳುವ ತ್ಯಾಗಿ ನಿವಾಸದ ಕೋಣೆ, ಆಹಾರ ನಡೆಯುವ ಸ್ಥಳ, ಸಾಮಾಯಿಕದ ಕೋಣೆ ಇವುಗಳ ಕಡೆಗೆ ಕ್ಯಾಮೆರಾ ತಿರುಗಬಾರದು. ಸ್ನಾನಗೃಹ, ಪೂಜೆಗೆ ಮಡಿಬಟ್ಟೆ ಬದಲಿಸುವ ಕೋಣೆ, ಯಾತ್ರಿಕರ ಕೋಣೆಗಳ ಒಳಭಾಗ ಖಂಡಿತ ಕೂಡದು. ಮಹಿಳೆಯರ ಖಾಸಗಿ ಸ್ಥಳದ ದೃಶ್ಯ ಸೆರೆಹಿಡಿಯುವುದು ದಂಡನಾರ್ಹ ಅಪರಾಧ. ನೆರೆಮನೆಯ ಅಂಗಳ, ಬಾವಿಕಟ್ಟೆ ಕ್ಯಾಮೆರಾದಲ್ಲಿ ಬೀಳುತ್ತಿದ್ದರೆ ಆ ಭಾಗವನ್ನು ಕಪ್ಪು ಪಟ್ಟಿಯಿಂದ ಮುಚ್ಚುವ ಸೌಲಭ್ಯ ಹೆಚ್ಚಿನ ರೆಕಾರ್ಡರುಗಳಲ್ಲಿ ಇದೆ. ಅಳವಡಿಸುವವರಿಗೆ ಹೇಳಿ ಮಾಡಿಸಿಕೊಳ್ಳಬಹುದು. ‘ಇಲ್ಲಿ ಸಿಸಿ ಕ್ಯಾಮೆರಾ ಇದೆ’ ಎಂಬ ಫಲಕವನ್ನು ಹೆಬ್ಬಾಗಿಲಲ್ಲಿ ಹಾಕಿ. ಅದು ದರ್ಶನಕ್ಕೆ ಬರುವವರಿಗೆ ಸೂಚನೆ, ಕಳ್ಳನಿಗೆ ಎಚ್ಚರಿಕೆ.

ಯಾವ ಕ್ಯಾಮೆರಾ

ಮುಖ್ಯವಾಗಿ ಎರಡು ಬಗೆ. ಅನಲಾಗ್ ಎಚ್‌ಡಿ ಕ್ಯಾಮೆರಾಗಳು ಡಿವಿಆರ್‌ಗೆ ಸೇರುತ್ತವೆ. ಇದಕ್ಕೆ ಅಂಗಡಿಯಲ್ಲಿ ‘ತ್ರೀ ಪ್ಲಸ್ ವನ್’ ಎನ್ನುವ ಕೇಬಲ್ ಹಾಕುತ್ತಾರೆ. ಚಿತ್ರಕ್ಕೊಂದು, ಕರೆಂಟಿಗೆ ಬೇರೆ ತಂತಿ ಅದರಲ್ಲೇ ಇರುತ್ತದೆ. ಐಪಿ ಕ್ಯಾಮೆರಾಗಳು ಎನ್‌ವಿಆರ್‌ಗೆ ಸೇರುತ್ತವೆ. ಇದಕ್ಕೆ ಕಂಪ್ಯೂಟರ್ ನೆಟ್‌ವರ್ಕಿನ ಕ್ಯಾಟ್ 6 ಕೇಬಲ್. ಪಿಒಇ ಸ್ವಿಚ್ ಇದ್ದರೆ ಚಿತ್ರವೂ ಕರೆಂಟೂ ಆ ಒಂದೇ ಕೇಬಲಿನಲ್ಲಿ ಹೋಗುತ್ತವೆ. ಒಂದು ಎಳೆ 100 ಮೀಟರ್ ಮೀರಬಾರದು. ಅನಲಾಗ್ ಅಗ್ಗ, ರಿಪೇರಿ ಮಾಡುವವರು ತಾಲ್ಲೂಕು ಕೇಂದ್ರದಲ್ಲೂ ಸಿಗುತ್ತಾರೆ. ಐಪಿ ತುಸು ದುಬಾರಿ, ಆದರೆ ವೈರಿಂಗ್ ಚೊಕ್ಕಟ, ಮುಂದೆ ಹೆಚ್ಚಿಸಿಕೊಳ್ಳುವುದು ಸುಲಭ. ನಾಲ್ಕು ಕ್ಯಾಮೆರಾದ ಸಣ್ಣ ಬಸದಿಗೆ ಎರಡರಲ್ಲಿ ಯಾವುದಾದರೂ ಆಗುತ್ತದೆ.

ಎಷ್ಟು ಮೆಗಾಪಿಕ್ಸೆಲ್ ಎಂದು ಎಲ್ಲರೂ ಕೇಳುತ್ತಾರೆ. ಯಾವ ಲೆನ್ಸ್ ಎಂದು ಕೇಳುವವರು ಕಡಿಮೆ. ಮುಖ ಕಾಣುವುದೂ ಕಾಣದಿರುವುದೂ ಲೆನ್ಸಿನ ಮೇಲೆಯೇ ಹೆಚ್ಚು ನಿಂತಿದೆ. ಅಪರಿಚಿತನ ಮುಖವನ್ನು ಗುರುತು ಹಿಡಿಯಲು ದೃಶ್ಯದ ಪ್ರತಿ ಮೀಟರ್ ಅಗಲಕ್ಕೆ ಸುಮಾರು 250 ಪಿಕ್ಸೆಲ್ ಬೇಕೆಂದು ಈ ಕ್ಷೇತ್ರದ ಅಂತರರಾಷ್ಟ್ರೀಯ ಮಾನದಂಡ ಹೇಳುತ್ತದೆ. 2 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರದ ಅಗಲ 1920 ಪಿಕ್ಸೆಲ್. 1920ನ್ನು 250ರಿಂದ ಭಾಗಿಸಿದರೆ ಸುಮಾರು ಏಳೂವರೆ ಮೀಟರ್. ಅಂದರೆ ದೃಶ್ಯದ ಅಗಲ ಏಳೂವರೆ ಮೀಟರಿನೊಳಗೆ ಇರುವಷ್ಟು ದೂರದವರೆಗೆ ಮಾತ್ರ ಮುಖ ಸಿಗುತ್ತದೆ.

ಸಾಮಾನ್ಯವಾಗಿ ಮಾರುವ 2.8 ಮಿಲಿಮೀಟರ್ ಲೆನ್ಸ್ ನೂರು ಡಿಗ್ರಿಗೂ ಹೆಚ್ಚು ಅಗಲ ನೋಡುತ್ತದೆ. ಅದರಲ್ಲಿ ಸುಮಾರು 3 ಮೀಟರ್ ದೂರದವರೆಗೆ ಮಾತ್ರ ಮುಖ ಸ್ಪಷ್ಟ. 4 ಮಿಲಿಮೀಟರ್ ಲೆನ್ಸಿಗೆ ಸುಮಾರು 4 ಮೀಟರ್, 6 ಮಿಲಿಮೀಟರ್ ಲೆನ್ಸಿಗೆ ಸುಮಾರು 7 ಮೀಟರ್. ಆದ್ದರಿಂದ ಅಂಗಳ, ಹಿಂಭಾಗದಂತಹ ಅಗಲ ಜಾಗಕ್ಕೆ 2.8, ಹೆಬ್ಬಾಗಿಲು ಮತ್ತು ಗರ್ಭಗೃಹದ ಬಾಗಿಲಿಗೆ ದೂರ ಅಳೆದು 4 ಅಥವಾ 6 ಎಂದು ಆರಿಸಬೇಕು. ಅಂಗಡಿಯವರು ಎಲ್ಲದಕ್ಕೂ 2.8 ಕೊಟ್ಟರೆ ಒಪ್ಪಿಕೊಳ್ಳಬೇಡಿ.

ಹೆಬ್ಬಾಗಿಲಿನಲ್ಲಿ ಒಳಗೆ ಕತ್ತಲೆ, ಹೊರಗೆ ಬಿಸಿಲು ಇರುವುದರಿಂದ ಬರುವವರ ಮುಖ ಕಪ್ಪಾಗುತ್ತದೆ. ಇದನ್ನು ಸರಿದೂಗಿಸುವ ಡಬ್ಲ್ಯುಡಿಆರ್ ಸೌಲಭ್ಯವಿರುವ ಕ್ಯಾಮೆರಾವನ್ನು ಅಲ್ಲಿಗೆ ಕೇಳಿ. ಹೊರಗೆ ಹಾಕುವವು ನೀರು, ಧೂಳು ತಡೆಯುವ ಐಪಿ 66 ಅಥವಾ ಐಪಿ 67 ದರ್ಜೆಯವಾಗಿರಲಿ. ಕರಾವಳಿಯ ಉಪ್ಪುಗಾಳಿಗೆ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿಸದಿದ್ದರೆ ಒಂದೆರಡು ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ.

ರಾತ್ರಿಯ ದೃಶ್ಯಕ್ಕೆ ಎರಡು ದಾರಿ. ಒಂದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು, ಚಿತ್ರ ಕಪ್ಪು ಬಿಳುಪು. ಇನ್ನೊಂದು ರಾತ್ರಿಯಿಡೀ ಬಿಳಿ ದೀಪ ಉರಿಸಿ ಬಣ್ಣದ ಚಿತ್ರ ತೆಗೆಯುವುದು. ಬಿಳಿ ದೀಪಕ್ಕೆ ರಾತ್ರಿ ಸಾವಿರಾರು ಹುಳುಗಳು ಬಂದು ಬಡಿದು ಸಾಯುತ್ತವೆ. ಹುಳುಗಳನ್ನು ಅರಸಿ ಜೇಡ, ಹಲ್ಲಿ ಬರುತ್ತವೆ. ಸೂರ್ಯಾಸ್ತದ ನಂತರ ದೀಪದ ವಿಷಯದಲ್ಲಿ ಇಷ್ಟೊಂದು ಎಚ್ಚರ ವಹಿಸುವ ಸಮಾಜಕ್ಕೆ ಇದು ಹೊಂದುವುದಿಲ್ಲ. ಹುಳ ಮುತ್ತಿದ ಲೆನ್ಸಿನಲ್ಲಿ ಚಿತ್ರವೂ ಸರಿ ಬರುವುದಿಲ್ಲ. ಆದ್ದರಿಂದ ಬಸದಿಗಳಿಗೆ ಇನ್‌ಫ್ರಾರೆಡ್ ಬಗೆಯದೇ ಒಳ್ಳೆಯದು. ಎರಡೂ ಇರುವ ಕ್ಯಾಮೆರಾ ಆದರೆ ಬಿಳಿ ದೀಪವನ್ನು ಸೆಟ್ಟಿಂಗಿನಲ್ಲಿ ಆರಿಸಿಡಬಹುದು.

ರೆಕಾರ್ಡರ್ ಮತ್ತು ಹಾರ್ಡ್ ಡಿಸ್ಕ್

ಕಂಪ್ಯೂಟರಿನ ಸಾಮಾನ್ಯ ಹಾರ್ಡ್ ಡಿಸ್ಕ್ ಹಗಲು ರಾತ್ರಿ ಬರೆಯುವ ಕೆಲಸಕ್ಕೆ ಮಾಡಿದ್ದಲ್ಲ. ನಿಗಾ ಕ್ಯಾಮೆರಾಗಳಿಗೆಂದೇ ವೆಸ್ಟರ್ನ್ ಡಿಜಿಟಲ್‌ನ ಪರ್ಪಲ್, ಸೀಗೇಟ್‌ನ ಸ್ಕೈಹಾಕ್ ಮುಂತಾದವು ಬರುತ್ತವೆ. ಬಿಲ್ಲಿನಲ್ಲಿ ಅದೇ ಹೆಸರು, ಸೀರಿಯಲ್ ನಂಬರ್ ಇದೆಯೇ ನೋಡಿಕೊಳ್ಳಿ.

ಎಷ್ಟು ದೊಡ್ಡದು ಬೇಕೆಂದು ಲೆಕ್ಕ ಹಾಕುವುದು ಸುಲಭ. ಎಚ್.265 ವಿಧಾನದಲ್ಲಿ ಒಂದು 2 ಮೆಗಾಪಿಕ್ಸೆಲ್ ಕ್ಯಾಮೆರಾಕ್ಕೆ ಸೆಕೆಂಡಿಗೆ 2 ಮೆಗಾಬಿಟ್ ಎಂದು ಇಟ್ಟುಕೊಂಡರೆ ದಿನಕ್ಕೆ ಸುಮಾರು 21.6 ಜಿಬಿ. ನಾಲ್ಕು ಕ್ಯಾಮೆರಾಕ್ಕೆ ದಿನಕ್ಕೆ ಸುಮಾರು 86 ಜಿಬಿ. 30 ದಿನಕ್ಕೆ ಸುಮಾರು 2,600 ಜಿಬಿ. ಹಾಗಾದರೆ 4 ಟಿಬಿ ಡಿಸ್ಕ್ ಬೇಕು. 1 ಟಿಬಿ ಹಾಕಿ ಕೊಟ್ಟರೆ ಹತ್ತು ಹನ್ನೊಂದು ದಿನಕ್ಕೆ ಹಳೆಯ ದೃಶ್ಯದ ಮೇಲೆ ಹೊಸದು ಬರೆದುಹೋಗುತ್ತದೆ. ವಾರಕ್ಕೊಮ್ಮೆ ಮಾತ್ರ ಬಾಗಿಲು ತೆರೆಯುವ ಬಸದಿಯಲ್ಲಿ ಕಳವು ತಡವಾಗಿ ತಿಳಿಯುವುದರಿಂದ ಇದು ಅಪಾಯ.

ರೆಕಾರ್ಡರನ್ನು ಬಸದಿಯ ನವರಂಗದಲ್ಲಿ, ಎಲ್ಲರಿಗೂ ಕಾಣುವ ಟಿವಿಯ ಕೆಳಗೆ ಇಡುವುದು ಬಹಳ ಕಡೆ ಆಗುತ್ತಿರುವ ತಪ್ಪು. ಕಳ್ಳನಿಗೆ ಅದನ್ನು ಕಿತ್ತುಕೊಂಡು ಹೋಗಲು ಎರಡು ನಿಮಿಷ ಸಾಕು. ಹತ್ತಿರದಲ್ಲಿ ಇಂದ್ರರ ಅಥವಾ ಶ್ರಾವಕರ ಮನೆಯಿದ್ದರೆ ಕೇಬಲ್ ಅಲ್ಲಿಗೆ ಎಳೆದು ಅಲ್ಲಿಡಬೇಕು. ಇಲ್ಲದಿದ್ದರೆ ಕಚೇರಿಯ ಕೋಣೆಯಲ್ಲಿ ನೆಲಕ್ಕೆ ಬೋಲ್ಟ್ ಹಾಕಿದ, ಗಾಳಿಯಾಡುವ ಕಬ್ಬಿಣದ ಪೆಟ್ಟಿಗೆಯಲ್ಲಿ ಇಡಬೇಕು. ಜೊತೆಗೆ ಒಂದು ಕ್ಯಾಮೆರಾದಲ್ಲಾದರೂ ಮೆಮೊರಿ ಕಾರ್ಡ್ ಹಾಕುವ ಸೌಲಭ್ಯವಿದ್ದರೆ ರೆಕಾರ್ಡರ್ ಹೋದರೂ ಅದರಲ್ಲಿ ದೃಶ್ಯ ಉಳಿದಿರುತ್ತದೆ.

ಕರೆಂಟು, ಸಿಡಿಲು, ಮಳೆ

ಮಲೆನಾಡು, ಕರಾವಳಿಯಲ್ಲಿ ಮಳೆಗಾಲದ ರಾತ್ರಿ ಕರೆಂಟು ಹೋದರೆ ಬೆಳಿಗ್ಗೆಯೇ ಬರುವುದು. ಕಳ್ಳರಿಗೂ ಇದು ಗೊತ್ತು. ಮೀಟರ್ ಬೋರ್ಡ್ ಹೊರಗಿದ್ದರೆ ಫ್ಯೂಸ್ ಕೀಳುವುದೂ ಸುಲಭ. ಆದ್ದರಿಂದ ಬ್ಯಾಟರಿ ಇಲ್ಲದೆ ಕ್ಯಾಮೆರಾ ಹಾಕಿಸುವುದು ಅರ್ಧ ಕೆಲಸ.

ನಾಲ್ಕು ಕ್ಯಾಮೆರಾಕ್ಕೆ ತಲಾ 6 ವ್ಯಾಟ್‌ನಂತೆ 24, ರೆಕಾರ್ಡರಿಗೆ ಸುಮಾರು 15, ಇಂಟರ್ನೆಟ್ ರೂಟರಿಗೆ 10, ಒಟ್ಟು ಸುಮಾರು 50 ವ್ಯಾಟ್. ಇನ್ವರ್ಟರಿನಲ್ಲಿ ಆಗುವ ನಷ್ಟ ಸೇರಿಸಿ 60 ಎಂದು ಹಿಡಿಯಬಹುದು. ಮನೆಗಳಲ್ಲಿ ಬಳಸುವ 12 ವೋಲ್ಟ್, 150 ಆಂಪಿಯರ್ ಅವರ್ ಟ್ಯೂಬ್ಯುಲರ್ ಬ್ಯಾಟರಿಯ ಶಕ್ತಿಯಲ್ಲಿ ಶೇಕಡಾ 60 ಬಳಸಿದರೂ ಹದಿನೆಂಟು ಗಂಟೆ ನಡೆಯುತ್ತದೆ. ಕಂಪ್ಯೂಟರಿನ ಸಣ್ಣ ಯುಪಿಎಸ್ ಇಡೀ ರಾತ್ರಿಗೆ ಸಾಲದು. ಆ ಇನ್ವರ್ಟರಿಗೆ ಫ್ಯಾನು, ದೀಪ ಸೇರಿಸಬಾರದು.

12 ವೋಲ್ಟ್ ತಂತಿಯನ್ನು ದೂರ ಎಳೆದಷ್ಟೂ ವೋಲ್ಟೇಜ್ ಇಳಿಯುತ್ತದೆ. ಹಗಲು ಸರಿಯಾಗಿ ನಡೆಯುವ ಕ್ಯಾಮೆರಾ ರಾತ್ರಿ ಇನ್‌ಫ್ರಾರೆಡ್ ಹೊತ್ತಿಕೊಂಡ ಕೂಡಲೇ ಆರಿ ಹೊತ್ತಿ ಮಾಡಿದರೆ ಕಾರಣ ಇದೇ ಇರಬಹುದು. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಕೇಬಲಿನಲ್ಲಿ ಈ ತೊಂದರೆ ಹೆಚ್ಚು. ಪೂರ್ತಿ ತಾಮ್ರದ ಕೇಬಲ್ ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಎತ್ತರದ ಮಾನಸ್ತಂಭ, ಬಯಲಿನ ಬಸದಿ ಇರುವಲ್ಲಿ ಸಿಡಿಲಿನ ಭಯ ಹೆಚ್ಚು. ಮಾನಸ್ತಂಭಕ್ಕೆ ಕ್ಯಾಮೆರಾ ಕಟ್ಟುವುದು ಗೌರವದ ದೃಷ್ಟಿಯಿಂದಲೂ ಸಿಡಿಲಿನ ದೃಷ್ಟಿಯಿಂದಲೂ ಬೇಡ. ಸರಿಯಾದ ಅರ್ತಿಂಗ್ ಮತ್ತು ಸರ್ಜ್ ಪ್ರೊಟೆಕ್ಟರ್ ಇರಲಿ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಲೋಹದ ತಂತಿಯ ಬದಲು ಫೈಬರ್ ಕೇಬಲ್ ಎಳೆದರೆ ಸಿಡಿಲಿನ ಏಟು ಅದರ ಮೂಲಕ ದಾಟುವುದಿಲ್ಲ. ಮಂಗ, ಇಲಿಗಳ ಕಾಟವಿರುವಲ್ಲಿ ಕೇಬಲ್ ಗಟ್ಟಿ ಪೈಪಿನೊಳಗೆ ಹೋಗಬೇಕು.

ಇಂಟರ್ನೆಟ್ ಮತ್ತು ಪಾಸ್‌ವರ್ಡ್

ರೆಕಾರ್ಡ್ ಆಗಲು ಇಂಟರ್ನೆಟ್ ಬೇಕಾಗಿಲ್ಲ. ಆದರೆ ಬೆಂಗಳೂರಿನಲ್ಲಿರುವ ಅಧ್ಯಕ್ಷರು, ಮುಂಬಯಿಯಲ್ಲಿರುವ ಊರಿನವರು ಮೊಬೈಲಿನಲ್ಲಿ ನೋಡಲು, ರಾತ್ರಿ ಯಾರಾದರೂ ಒಳಬಂದರೆ ಕೂಡಲೇ ಸಂದೇಶ ಬರಲು ಇಂಟರ್ನೆಟ್ ಬೇಕು. ಫೈಬರ್ ಬರದ ಊರಿನಲ್ಲಿ 4ಜಿ ಸಿಮ್ ಹಾಕುವ ರೂಟರ್ ಬಳಸಬಹುದು. ಕರೆಂಟೇ ಇಲ್ಲದ ಗುಡ್ಡದ ಬಸದಿಗೆ ಸೋಲಾರ್ ಮತ್ತು 4ಜಿ ಸಿಮ್ ಇರುವ ಕ್ಯಾಮೆರಾಗಳೂ ಬಂದಿವೆ. ಇವು ಸಾಮಾನ್ಯವಾಗಿ ಚಲನೆ ಕಂಡಾಗ ಮಾತ್ರ ರೆಕಾರ್ಡ್ ಮಾಡುತ್ತವೆ ಎಂಬುದು ನೆನಪಿರಲಿ. ಸಿಮ್ ರೀಚಾರ್ಜ್ ಮಾಡುವ ಹೊಣೆ ಯಾರದೆಂದು ಮೊದಲೇ ಗೊತ್ತುಮಾಡಬೇಕು. ಕಂಪನಿಯಿಂದ ಬಂದ ಪಾಸ್‌ವರ್ಡ್ ಹಾಗೆಯೇ ಬಿಟ್ಟರೆ ಬೀಗದ ಕೀಲಿಯನ್ನು ಬಾಗಿಲಲ್ಲೇ ಬಿಟ್ಟಂತೆ. ಅಳವಡಿಸಿದ ದಿನವೇ ಅದನ್ನು ಬದಲಿಸಿ. ಕೆಲಸದವರ ಮೊಬೈಲಿನಲ್ಲಿ ಬಸದಿಯ ಖಾತೆ ಉಳಿಯಬಾರದು. ಖಾತೆಯನ್ನು ಸಂಸ್ಥೆಯ ಮೊಬೈಲ್ ನಂಬರ್, ಇಮೇಲ್ ಹೆಸರಿನಲ್ಲಿ ತೆರೆಯಿರಿ. ಕಾರ್ಯದರ್ಶಿ ಬದಲಾದಾಗ ಪಾಸ್‌ವರ್ಡ್ ಕಳೆದುಹೋಗಿ ರೆಕಾರ್ಡರ್ ತೆರೆಯಲಾಗದಿರುವುದು ಉಂಟು. ಮುದ್ರೆ ಹಾಕಿದ ಲಕೋಟೆಯಲ್ಲಿ ಒಂದು ಪ್ರತಿ ಅಧ್ಯಕ್ಷರಲ್ಲಿ, ಒಂದು ಪ್ರತಿ ಕೋಶಾಧ್ಯಕ್ಷರಲ್ಲಿ ಇರಲಿ.

ಅಭಿಷೇಕದ ನೇರ ಪ್ರಸಾರಕ್ಕೆ ಬೇರೆ ಕ್ಯಾಮೆರಾ ಬಳಸಿ. ಭದ್ರತೆಯ ಕ್ಯಾಮೆರಾಗಳ ದೃಶ್ಯವನ್ನು ಜಾಲತಾಣದಲ್ಲಿ ತೋರಿಸಿದರೆ ಬೀಗ ಯಾವುದು, ಆಭರಣ ಎಲ್ಲಿ, ಯಾವ ಮೂಲೆ ಕಾಣುವುದಿಲ್ಲ ಎಂಬುದನ್ನು ಊರಿಗೆಲ್ಲ ಹೇಳಿದಂತಾಗುತ್ತದೆ.

ಕೊಟೇಶನ್ ಪಡೆಯುವಾಗ

ಕನಿಷ್ಠ ಮೂವರನ್ನು ಬಸದಿಗೆ ಕರೆಸಿ ಜಾಗ ತೋರಿಸಿ. ಫೋನಿನಲ್ಲೇ ದರ ಹೇಳುವವರು ಬೇಡ. ಮೂವರಿಗೂ ಒಂದೇ ಪಟ್ಟಿ ಕೊಟ್ಟರೆ ಮಾತ್ರ ದರ ಹೋಲಿಸಬಹುದು. ಕ್ಯಾಮೆರಾ ಮಾಡೆಲ್, ಲೆನ್ಸ್, ಡಿಸ್ಕ್ ಅಳತೆ, ಕೇಬಲ್ ಮೀಟರಿಗೆ ಎಷ್ಟು, ಪೈಪ್, ಎಸ್‌ಎಂಪಿಎಸ್, ಬ್ಯಾಟರಿ, ಕೂಲಿ, ಜಿಎಸ್‌ಟಿ ಇವೆಲ್ಲ ಬೇರೆ ಬೇರೆ ಸಾಲಿನಲ್ಲಿ ಬರಲಿ. ‘ನಾಲ್ಕು ಕ್ಯಾಮೆರಾ ಸೆಟ್’ ಎಂಬ ಒಂದೇ ಸಾಲಿನ ಕೊಟೇಶನ್ನಿನಲ್ಲಿ ಕಳಪೆ ಮಾಲು ನುಸುಳುವುದು ಸುಲಭ.

ಭಾರತದಲ್ಲಿ ಮಾರುವ ಸಿಸಿ ಕ್ಯಾಮೆರಾಗಳಿಗೆ 2025ರ ಏಪ್ರಿಲ್‌ನಿಂದ ಮಾಹಿತಿ ಭದ್ರತೆಯ ಪರೀಕ್ಷೆಯೂ ಕಡ್ಡಾಯವಾಗಿದೆ. ಬಿಐಎಸ್ ನೋಂದಣಿ ಸಂಖ್ಯೆ ಇರುವ ಮಾಲನ್ನೇ ಕೇಳಿ. ದಾನಿಗಳು ಕ್ಯಾಮೆರಾ ಕೊಡುವುದಾದರೆ ಹಳೆಯ ದಾಸ್ತಾನು ತಂದು ಕೊಡುವ ಬದಲು ಹಣವನ್ನು ಸಂಸ್ಥೆಯ ಖಾತೆಗೆ ಕೊಟ್ಟು ರಸೀದಿ ಪಡೆಯುವುದು ಲೇಸು.

ಪೂರ್ತಿ ಹಣವನ್ನು ಮುಂಗಡ ಕೊಡಬೇಡಿ. ಕೆಲಸ ಮುಗಿದ ಮೇಲೆ ರಾತ್ರಿ ಒಂಬತ್ತು ಗಂಟೆಗೆ ದೀಪವೆಲ್ಲ ಆರಿಸಿ, ಒಬ್ಬರು ಹೆಬ್ಬಾಗಿಲಿನಿಂದ ಗರ್ಭಗೃಹದ ಬಾಗಿಲವರೆಗೆ ನಡೆದು ಬರಲಿ. ರೆಕಾರ್ಡ್ ಆದದ್ದನ್ನು ತೆಗೆದು ಅವರ ಪರಿಚಯವಿಲ್ಲದವರಿಗೆ ತೋರಿಸಿ. ಅವರು ಮುಖ ಗುರುತಿಸಿದರೆ ಕೆಲಸ ಸರಿಯಾಗಿದೆ. ಆಮೇಲೆ ಮೈನ್ ಸ್ವಿಚ್ ಆರಿಸಿ ಬ್ಯಾಟರಿಯಲ್ಲಿ ನಡೆಯುವುದೇ ನೋಡಿ. ಬಾಕಿ ಹಣ ಅದರ ನಂತರ.

ಅರ್ಚಕರ ಮನಸ್ಸು

ಕ್ಯಾಮೆರಾ ಹಾಕುವಾಗ ಇಂದ್ರರ ಮನಸ್ಸಿಗೆ ನೋವಾಗುವುದು ಸಹಜ. ಅಪ್ಪ ಅಜ್ಜನ ಕಾಲದಿಂದ ಕೀಲಿ ಕೈಯಲ್ಲಿದ್ದ ಮನೆತನ, ಈಗ ತಮ್ಮನ್ನೇ ಕಾಯಲು ಕಣ್ಣು ಇಟ್ಟಿದ್ದಾರೆ ಎಂದುಕೊಳ್ಳಬಹುದು. ಅವರಿಗೆ ಹೇಳದೆ ಕ್ಯಾಮೆರಾ ಹಾಕಿಸುವುದು ಸರಿಯಲ್ಲ. ಬಿಂಬ ಕಳುವಾದರೆ ಪೊಲೀಸರು ಮೊದಲು ವಿಚಾರಿಸುವುದು ಕೀಲಿ ಇರುವವರನ್ನೇ. ಠಾಣೆಗೆ ಅಲೆಯುವುದು, ಊರಿನ ಪಿಸುಮಾತು ಕೇಳುವುದು ಆ ಮನೆಯವರ ಪಾಲಿಗೆ ಬರುತ್ತದೆ. ಬಾಗಿಲು ಎಷ್ಟು ಹೊತ್ತಿಗೆ ಹಾಕಿದರು, ಆಮೇಲೆ ಯಾರು ಬಂದರು ಎಂಬ ದೃಶ್ಯ ಇದ್ದರೆ ಅವರ ಮಾನ ಉಳಿಯುತ್ತದೆ. ಇದನ್ನು ಸಭೆಯಲ್ಲಿ ಅವರ ಎದುರಿಗೇ ಹೇಳಿ, ಜಾಗ ಗುರುತಿಸುವಾಗ ಅವರನ್ನೂ ಕರೆದುಕೊಳ್ಳಿ. ಪೂಜೆಗೆ ಹತ್ತು ನಿಮಿಷ ತಡವಾಯಿತು ಎಂದು ತೋರಿಸಲು ದೃಶ್ಯ ಬಳಸುವುದಿಲ್ಲ ಎಂದು ಮಂಡಳಿ ಠರಾವು ಮಾಡಿದರೆ ಇನ್ನೂ ಒಳ್ಳೆಯದು.

ನಿರ್ವಹಣೆ

ಹಾಕಿಸಿದ ಮೇಲೆ ಮರೆತುಬಿಡುವುದೇ ದೊಡ್ಡ ರೋಗ. ಒಬ್ಬ ಸ್ವಯಂಸೇವಕರನ್ನು ಹೊಣೆಗಾರರನ್ನಾಗಿ ಮಾಡಿ, ಒಂದು ಪುಸ್ತಕ ಇಟ್ಟು ಈ ಕೆಳಗಿನವನ್ನು ಬರೆಯಿಸಬೇಕು.

ವಾರಕ್ಕೊಮ್ಮೆ: ಎಲ್ಲ ಕ್ಯಾಮೆರಾ ಚಿತ್ರ ಬರುತ್ತಿದೆಯೇ, ರೆಕಾರ್ಡರಿನ ದಿನಾಂಕ ಸಮಯ ಮೊಬೈಲಿನ ಸಮಯಕ್ಕೆ ಹೊಂದುತ್ತದೆಯೇ. ಸಮಯ ತಪ್ಪಿದ್ದರೆ ದೃಶ್ಯದ ಬೆಲೆ ಅರ್ಧ ಹೋದಂತೆ.

ತಿಂಗಳಿಗೊಮ್ಮೆ: 25 ದಿನದ ಹಿಂದಿನ ದೃಶ್ಯವನ್ನು ತೆರೆದು ನೋಡಿ. ಚಿತ್ರ ಪರದೆಯಲ್ಲಿ ಕಾಣುತ್ತಿದ್ದರೂ ಡಿಸ್ಕ್ ಕೆಟ್ಟು ರೆಕಾರ್ಡ್ ಆಗದಿರುವುದು ಸಾಮಾನ್ಯ. ಲೆನ್ಸನ್ನು ಮೃದು ಬಟ್ಟೆಯಿಂದ ಒರೆಸಿ. ಜೇಡ, ಕಣಜದ ಗೂಡು ಕಂಡರೆ ಔಷಧಿ ಸಿಂಪಡಿಸಬೇಡಿ. ಜೀವವಿದೆಯೇ ನೋಡಿ, ಮೆತ್ತನೆಯ ಬ್ರಷ್ಷಿನಿಂದ ಸರಿಸಿ, ದೂರ ಬಿಡಿ. ಆಗಾಗ ಒರೆಸುತ್ತಿದ್ದರೆ ಗೂಡೇ ಕಟ್ಟುವುದಿಲ್ಲ. ಬಾವಲಿಗಳಿರುವ ಹಳೆಯ ಬಸದಿಗಳಲ್ಲಿ ಚಲನೆಯ ಎಚ್ಚರಿಕೆ ರಾತ್ರಿಯಿಡೀ ಬಡಿದುಕೊಳ್ಳುತ್ತದೆ. ಅಲ್ಲಿ ಮನುಷ್ಯರನ್ನು ಮಾತ್ರ ಗುರುತಿಸುವ ಸೌಲಭ್ಯವಿರುವ ಕ್ಯಾಮೆರಾ ಬೇಕು.

ವರ್ಷಕ್ಕೊಮ್ಮೆ, ಮಳೆಗಾಲದ ಮೊದಲು: ಬ್ಯಾಟರಿ ನೀರು, ಅರ್ತಿಂಗ್, ಕೇಬಲ್ ಜೋಡಣೆ, ಮರದ ಕೊಂಬೆ ಅಡ್ಡ ಬೆಳೆದಿದೆಯೇ ಎಂಬ ಪರಿಶೀಲನೆ.

ಕಳವು ನಡೆದಿದ್ದು ತಿಳಿದರೆ

ಬೀಗ ಒಡೆದದ್ದು ಕಂಡ ಕೂಡಲೇ ಒಳಗೆ ನುಗ್ಗಬಾರದು. ಬೆರಳಚ್ಚು, ಹೆಜ್ಜೆ ಗುರುತು ಅಳಿಸಿಹೋಗುತ್ತವೆ. ಮೊದಲು 112ಕ್ಕೆ ಕರೆ ಮಾಡಿ, ನಂತರ ಠಾಣೆಗೆ ಲಿಖಿತ ದೂರು ಕೊಡಿ. ದೂರಿನ ಜೊತೆ ಬಿಂಬದ ಫೋಟೋ, ಅಳತೆ ಲಗತ್ತಿಸಿ. ನೋಂದಾಯಿತ ಪುರಾವಸ್ತುವಾಗಿದ್ದರೆ ಪುರಾತತ್ವ ನೋಂದಣಿ ಅಧಿಕಾರಿಗಳಿಗೂ ತಿಳಿಸಿ.

ರೆಕಾರ್ಡರನ್ನು ಆರಿಸಿ ಹೊತ್ತಿಸಿ ಮಾಡಬೇಡಿ, ಸಮಯ ತಿದ್ದಬೇಡಿ. ಸಮಯ ತಪ್ಪಿದ್ದರೆ ಎಷ್ಟು ನಿಮಿಷ ಹಿಂದೆ ಮುಂದೆ ಇದೆ ಎಂದು ಕಾಗದದಲ್ಲಿ ಬರೆದಿಡಿ. ಪೊಲೀಸರ ಎದುರಿನಲ್ಲಿ ದೃಶ್ಯ ನಕಲು ಮಾಡಿಸಿ, ಮೂಲ ಡಿಸ್ಕ್ ಭದ್ರವಾಗಿರಲಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಇಂತಹ ದೃಶ್ಯದ ನಕಲಿನ ಜೊತೆ ಪ್ರಮಾಣಪತ್ರ ಬೇಕು. ಅದರ ಒಂದು ಭಾಗಕ್ಕೆ ಸಾಧನದ ಹೊಣೆ ಇರುವವರೂ ಇನ್ನೊಂದಕ್ಕೆ ತಜ್ಞರೂ ಸಹಿ ಹಾಕುತ್ತಾರೆ. ಆ ಹೊಣೆ ಯಾರದೆಂದು ಮಂಡಳಿಯ ಠರಾವಿನಲ್ಲಿ ಮೊದಲೇ ಇದ್ದರೆ ಗೊಂದಲವಿಲ್ಲ.

ದೃಶ್ಯವನ್ನು ವಾಟ್ಸಾಪ್ ಗುಂಪುಗಳಿಗೆ ಹಾಕುವ ಆತುರ ಬೇಡ. ಅದು ಮೊದಲು ತಲುಪುವುದು ಕಳ್ಳನಿಗೇ ಇರಬಹುದು. ಹೆದರಿ ಬಿಂಬವನ್ನು ಕರಗಿಸಿಬಿಟ್ಟರೆ ಮುಂದೆ ಹುಡುಕಲು ಏನೂ ಉಳಿಯುವುದಿಲ್ಲ.

ಮುಂದಿನ ಸಭೆಗೆ ಇಷ್ಟು

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆಯಂತೆ ಆಗಬಾರದು. ಆಡಳಿತ ಮಂಡಳಿಯ ಮುಂದಿನ ಸಭೆಯಲ್ಲಿ ಐದು ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕು. ಎಲ್ಲ ಬಿಂಬಗಳ ಫೋಟೋ, ಅಳತೆ ಇದೆಯೇ? ಬಾಗಿಲು, ಬೀಗ ಗಟ್ಟಿಯಾಗಿವೆಯೇ? ರಾತ್ರಿ ಕರೆಂಟು ಹೋದರೆ ಕ್ಯಾಮೆರಾ ನಡೆಯುತ್ತದೆಯೇ? ರೆಕಾರ್ಡರ್ ಕಳ್ಳನ ಕೈಗೆ ಸಿಗದ ಜಾಗದಲ್ಲಿದೆಯೇ? ಕಳೆದ ತಿಂಗಳ ದೃಶ್ಯವನ್ನು ಯಾರಾದರೂ ತೆರೆದು ನೋಡಿದ್ದಾರೆಯೇ?

ಐದಕ್ಕೂ ಹೌದು ಎಂಬ ಉತ್ತರ ಬಂದರೆ ಆ ಬಸದಿಯ ಬೀಗ ಹಾಕಿದ ಮೇಲೂ ಒಳಗೊಂದು ಕಾವಲು ಇದೆ ಎಂದರ್ಥ. ಇಲ್ಲ ಎಂಬ ಉತ್ತರ ಬಂದ ಪ್ರಶ್ನೆಯಿಂದಲೇ ಕೆಲಸ ಪ್ರಾರಂಭವಾಗಲಿ.

ಜೈ ಜಿನೇಂದ್ರ.